ಗದ್ದುಗೆಯ ಮುಂದೆ ಹೇಳಿದ ದೂರು

ಉಣ್ಣಲು ಕುಳಿತವನನ್ನು ಎಬ್ಬಿಸಬಾರದು. ಲಿಂಗಸುಗೂರಿನ ಕೋರ್ಟಿನ ಹಿಂದಿನ ಓಣಿಯಲ್ಲಿದ್ದ ಕರಿಬಸಯ್ಯನ ಖಾನಾವಳಿಗೆ ಅವನ ತಂದೆಯ ಕಾಲದಿಂದಲೂ ಇದೊಂದು ಕಟ್ಟಳೆ. ಬಂದವನು ಎಂಥವನೇ ಇರಲಿ, ಕೈ ತೊಳೆದು ಗಂಗಾಳದ ಮುಂದೆ ಕುಳಿತ ಮೇಲೆ ಅವನು ಶಿವನ ಅತಿಥಿ. ಅವನಿಗೆ ಏನಾದರೂ ಹೇಳುವುದಿದ್ದರೆ ಕೈ ತೊಳೆಯುವ ಮೊದಲು ಹೇಳಬೇಕು, ಇಲ್ಲವೇ ಉಂಡು ಎದ್ದ ಮೇಲೆ ಹೇಳಬೇಕು. ತುತ್ತಿನ ನಡುವೆ ಆಡಿದ ಮಾತು ವಿಷಕ್ಕೆ ಸಮ.

ಹಾಗಾದರೆ ಉಣ್ಣುವವನೇ ವಿಷ ಕಾರಿದರೆ? ಬಡಿಸುವ ಹೆಣ್ಣುಮಗಳು ಯಾರ ಮುಂದೆ ಹೇಳಿಕೊಳ್ಳಬೇಕು?

ಅದಕ್ಕೆ ಪಾರ್ವತೆಮ್ಮ ಇದ್ದಳು. ಆಕೆ ಕರಿಬಸಯ್ಯನ ಹೆಂಡತಿ. ಅಡುಗೆಮನೆಯ ಹೊಸ್ತಿಲ ಬದಿಗೆ ಒಂದು ಮಣೆ ಹಾಕಿಕೊಂಡು ಕೂಡುವಳು. ಅಲ್ಲಿಂದ ಒಲೆಯೂ ಕಾಣುತ್ತಿತ್ತು, ಪಂಕ್ತಿಯೂ ಕಾಣುತ್ತಿತ್ತು. ಖಾನಾವಳಿಯ ಹೆಂಗಸರು ಯಜಮಾನನ ಎದುರಿಗೆ ನಿಂತು ಮಾತಾಡುವ ಕಾಲವಲ್ಲ ಅದು. ಅದರಲ್ಲೂ ಅವನು ಜಂಗಮ, ಊರಿಗೆಲ್ಲ ಅಯ್ಯಾರು. ಆದ್ದರಿಂದ ಯಾರು ಏನಂದರು, ಯಾರ ಕಣ್ಣು ಎಲ್ಲಿ ಹರಿದಾಡಿತು, ಯಾರು ರೊಟ್ಟಿಗೆ ಹೆಸರಿಟ್ಟರು, ಎಲ್ಲವೂ ಆ ಮಣೆಯ ಬಳಿಗೆ ಬಂದು ಸೇರುತ್ತಿತ್ತು. ಪಾರ್ವತೆಮ್ಮ ಕೂಗಾಡುವವಳಲ್ಲ. ಒಮ್ಮೆ ವಕೀಲರ ಕಡೆಯ ಒಬ್ಬ ತರುಣ ಗುಮಾಸ್ತ, ಬಡಿಸುವವಳು ಬಗ್ಗಿದಾಗಲೆಲ್ಲ ಸೀಟಿ ಹಾಕುತ್ತಿದ್ದ. ಪಾರ್ವತೆಮ್ಮ ರೊಟ್ಟಿಯ ಬುಟ್ಟಿಯನ್ನು ತಾನೇ ತೆಗೆದುಕೊಂಡು ಹೋಗಿ ಅವನ ಮುಂದೆ ನಿಂತಳು.

"ಏನ್ ಬೇಕೋ ತಮ್ಮಾ? ಸೀಟಿ ಕೇಳಿ ಬಂದೆ. ನಿಮ್ಮವ್ವ ಊರಾಗ ಆರಾಮ ಅದಾಳಿಲ್ಲೋ?"

"ಏನೂ ಬ್ಯಾಡ್ರಿ ಅವ್ವಾ," ಎಂದು ಆ ಹುಡುಗ ಗಂಗಾಳದಲ್ಲಿ ಮುಖ ಹುದುಗಿಸಿದ. ಆ ಮೇಲೆ ಅವನು ಎರಡು ವರ್ಷ ಅಲ್ಲಿಯೇ ಉಂಡ. ಅವನ ಸೀಟಿ ಮತ್ತೆ ಯಾರಿಗೂ ಕೇಳಲಿಲ್ಲ.

ಹೋದ ಶ್ರಾವಣದಲ್ಲಿ ಪಾರ್ವತೆಮ್ಮ ಲಿಂಗೈಕ್ಯಳಾದಳು. ಮೂರು ದಿನದ ಜ್ವರ, ಅಷ್ಟೇ. ಮಣೆ ಮಾತ್ರ ಹೊಸ್ತಿಲ ಬದಿಗೆ ಹಾಗೆಯೇ ಉಳಿಯಿತು. ಅದನ್ನು ಎತ್ತಿಡಲು ಕರಿಬಸಯ್ಯನಿಗೆ ಮನಸ್ಸು ಬರಲಿಲ್ಲ, ಅದರ ಮೇಲೆ ಕೂಡಲು ಬೇರೆಯವರಿಗೆ ಧೈರ್ಯ ಬರಲಿಲ್ಲ. ಹೆಂಗಸರು ಸೀರೆಯ ನಿರಿಗೆ ಎತ್ತಿ ಹಿಡಿದು ಅದನ್ನು ಸುತ್ತಿ ಓಡಾಡುವರು. ಕರಿಬಸಯ್ಯನ ಕಿವಿಗೆ "ಕಟಿಗಿ ಮುಗದಾವ್ರಿ", "ಉಪ್ಪು ಬೇಕ್ರಿ" ಎಂಬ ಮಾತುಗಳಷ್ಟೇ ಬೀಳುತ್ತಿದ್ದವು. ದೂರು ಒಂದೂ ಇಲ್ಲ. ಅವಳ ಪುಣ್ಯದಿಂದ ಎಲ್ಲ ನೆಟ್ಟಗೆ ನಡೆದಿದೆ ಎಂದು ಅವನು ತಿಳಿದ. ದುಃಖದಲ್ಲಿದ್ದವನಿಗೆ ಮೌನವೆಲ್ಲ ಶಾಂತಿಯಂತೆ ಕಾಣುತ್ತದೆ.

ಆಗ ಒಳಗೆ ಇಬ್ಬರು ಹೆಂಗಸರು ದುಡಿಯುತ್ತಿದ್ದರು. ಬಸವಣ್ಣೆಮ್ಮ ವಯಸ್ಸಾದವಳು, ರೊಟ್ಟಿ ಬಡಿಯುವವಳು. ಅವಳ ಕೈಯೂ ನಿಲ್ಲದು, ಬಾಯಿಯೂ ನಿಲ್ಲದು. ಗುರುಲಿಂಗಮ್ಮ ಬಡಿಸುವವಳು. ಇಪ್ಪತ್ತೈದರ ಪ್ರಾಯ. ರಜಾಕಾರರ ಗಲಾಟೆಯ ವರ್ಷ ಗಂಡ ವಾಂತಿಭೇದಿಯಲ್ಲಿ ತೀರಿಹೋದ. ಸಿಂಧನೂರಿನಲ್ಲಿ ಅಣ್ಣನ ಮನೆಯಿತ್ತು. ಆದರೆ ಅಲ್ಲಿ ಅತ್ತಿಗೆ ತುತ್ತು ತುತ್ತಿಗೂ ಮುಖ ನೋಡುವವಳು. ಪಾರ್ವತೆಮ್ಮ ದೂರದ ನೆಂಟಸ್ತಿಕೆ ಹಿಡಿದು ಹೋಗಿ ಈಕೆಯನ್ನು ಕರೆದುಕೊಂಡು ಬಂದಿದ್ದಳು. ನಾಲ್ಕೂವರೆ ವರ್ಷದಲ್ಲಿ ಈಕೆಗೆ ಉಣ್ಣುವವರ ನಾಡಿಯೇ ತಿಳಿದುಹೋಗಿತ್ತು. ಯಾರಿಗೆ ಕೆನೆಮೊಸರು, ಯಾರಿಗೆ ಶೇಂಗಾ ಚಟ್ನಿ ಎರಡು ಸಲ, ಯಾರು ನಾಚಿಕೆಯಿಂದ ಸಾಕು ಎನ್ನುತ್ತಾರೆ, ಯಾರು ನಿಜವಾಗಿ ಸಾಕು ಎನ್ನುತ್ತಾರೆ, ಕೇಳದೆಯೇ ಬಲ್ಲಳು. ಹಣೆಯ ತುಂಬ ವಿಭೂತಿ, ಬಳೆಯಿಲ್ಲದೆ ಕೈ ಬರಿದು.

ಆ ಬರಿದಾದ ಕೈಯ ಮೇಲೆಯೇ ಅಮರಗುಂಡಪ್ಪನ ಕಣ್ಣು ಬಿದ್ದಿತು.

ಅಮರಗುಂಡಪ್ಪ ಮಸ್ಕಿಯ ಸಾಹುಕಾರ, ಕರಿಬಸಯ್ಯನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಮಠದ ಸಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರು. ಪಾರ್ವತೆಮ್ಮ ತೀರಿಕೊಂಡ ದಿನ ಆರು ಹರದಾರಿ ದಾರಿಯನ್ನು ಗಾಡಿ ಓಡಿಸಿಕೊಂಡು ಬಂದು ಶವದ ವಿಮಾನಕ್ಕೆ ಹೆಗಲು ಕೊಟ್ಟಿದ್ದ. ಒಳ್ಳೆಯವನು, ನಗಿಸುವವನು, ಆದರೆ ಶಕುನದ ಹುಚ್ಚಿನವನು. ಅಣ್ಣನ ಮಕ್ಕಳ ಸಂಗಡ ಒಂದು ಬಾವಿಯ ಸಲುವಾಗಿ ಖಟ್ಲೆ ಹೂಡಿದ್ದ. ವಿಚಾರಣೆಯ ಪೇಶಿ ಇದ್ದಾಗಲೆಲ್ಲ ಹಿಂದಿನ ದಿನ ಬಂದು ನೆಂಟರಲ್ಲಿ ಉಳಿದು, ಮರುದಿನ ಖಾನಾವಳಿಯಲ್ಲಿ ಉಂಡು ಕೋರ್ಟಿಗೆ ಹೋಗುತ್ತಿದ್ದ. ಎರಡು ಪೇಶಿ ಅವನಿಗೆ ವಿರುದ್ಧವಾಗಿ ಹೋದವು. ಆ ಎರಡು ದಿನವೂ ಯಾರ ಕೈಯಿಂದ ಉಂಡೆ ಎಂದು ಅವನು ಯೋಚಿಸತೊಡಗಿದ.

ಮೂರನೆಯ ಪೇಶಿಯ ದಿನ ಗುರುಲಿಂಗಮ್ಮ ಬಂದಾಗ ಅವನು ಗಂಗಾಳದ ಮೇಲೆ ಅಂಗೈ ಮುಚ್ಚಿದ.

"ಇನ್ನೊಬ್ಬಾಕಿ ಇಲ್ಲೇನು ನೀಡಾಕ?" ಎಂದು ಪಂಕ್ತಿಗೆಲ್ಲ ಕೇಳುವಂತೆ ಅಂದ. "ಬೋಳುಗೈಲೆ ನೀಡಿದ ರೊಟ್ಟಿ ತಿಂದು ಹೋದ್ರ ಖಟ್ಲೆ ನಿಲ್ಲತೈತೇನು? ನಕ್ಕೋತ ಹೋದಾವ ಅಳಕೋತ ಬರ್ಬೇಕು."

ಇಬ್ಬರು ನಕ್ಕರು. ಉಳಿದವರು ತಮ್ಮ ತಮ್ಮ ಗಂಗಾಳ ನೋಡಿಕೊಂಡರು. ಗುರುಲಿಂಗಮ್ಮ ಕೇಳಿಸದವಳಂತೆ ರೊಟ್ಟಿ ಇಟ್ಟಳು. ಅವನು ಅದನ್ನು ಬೆರಳ ತುದಿಯಿಂದ ದೂಡಿದ. ರೊಟ್ಟಿ ನೆಲಕ್ಕೆ ಬಿತ್ತು. ಆಕೆ ಬಗ್ಗಿ ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಕರಿಬಸಯ್ಯ ಆಗ ಹಿತ್ತಲಲ್ಲಿ ಕಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ಅವನಿಗೆ ಇದು ತಿಳಿಯಲಿಲ್ಲ.

ತಿಳಿಸಿದವಳು ಬಸವಣ್ಣೆಮ್ಮ. ಸಂಜೆಯ ಮುಂದೆ ಬಾಗಿಲ ಮರೆಗೆ ನಿಂತು, ಸೆರಗು ಬಾಯಿಗೆ ಹಿಡಿದು, "ಅಯ್ಯಾರ, ಒಂದ್ ಮಾತ್ರಿ," ಎಂದು ಸುರುಮಾಡಿ ಎಲ್ಲವನ್ನೂ ಹೇಳಿದಳು. "ಆಕಿ ಹೇಳ್ಯಾಳಂತ ಅಲ್ರಿ ಮತ್ತ. ಆಕಿ ಬಾಯಿ ಇದ್ದೂ ಮೂಗಿ. ನನಗ ತಡಕೊಳ್ಳಾಕ ಆಗವಲ್ದು, ಹೇಳೀನಿ."

ಕರಿಬಸಯ್ಯನಿಗೆ ಗೆಳೆಯನ ಮೇಲೆ ಸಿಟ್ಟು ಬಂದಿತು. ಹೆಗಲು ಕೊಟ್ಟವನೆಂದು ಆ ಸಿಟ್ಟು ಅಲ್ಲಿಯೇ ತಣ್ಣಗಾಯಿತು. ಪಾರ್ವತೆಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಕ್ಷಣ ಯೋಚಿಸಿದ. ಅವಳ ನೆನಪು ಕಣ್ಣು ತುಂಬಿಸಿತು. ಕೊನೆಗೆ ತನಗೆ ತಿಳಿದಷ್ಟು ಕರುಣೆಯಿಂದ ಒಂದು ಉಪಾಯ ಮಾಡಿದ.

"ಹಂಗಾದ್ರ ಒಂದ್ ಕೆಲಸ ಮಾಡ್ರಿ. ನಾಳಿಂದ ಗುರುಲಿಂಗವ್ವ ಒಳಗ ರೊಟ್ಟಿ ಬಡೀಲಿ. ನೀ ಹೊರಗ ನೀಡು. ಆಕಿ ಯಾರ ಕಣ್ಣಿಗೂ ಬೀಳೂದು ಬ್ಯಾಡ, ಯಾರೂ ಏನೂ ಅನ್ನೂದು ಬ್ಯಾಡ."

"ನಾನಾ? ಈ ಮೊಣಕಾಲ ಕಟಗೊಂಡು?" ಎಂದು ಬಸವಣ್ಣೆಮ್ಮ ಬಾಯಿ ತೆರೆದಳು. ಅಯ್ಯಾರ ಮುಖ ನೋಡಿ ಮುಚ್ಚಿಕೊಂಡಳು.

ಒಂದು ಹೆಣ್ಣುಮಗಳನ್ನು ನೋವಿನಿಂದ ಪಾರುಮಾಡಿದೆನೆಂದು ಕರಿಬಸಯ್ಯ ಅಂದು ಶಿವನಿಗೆ ಕೈಮುಗಿದು ಮಲಗಿದ.

ಮರುದಿನದಿಂದ ಖಾನಾವಳಿಯ ಲಯವೇ ತಪ್ಪಿತು. ಬಸವಣ್ಣೆಮ್ಮ ಬುಟ್ಟಿ ಹೊತ್ತು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮೊದಲನೆಯವನ ರೊಟ್ಟಿ ಮುಗಿದು ಬೆರಳು ನೆಕ್ಕುತ್ತಿದ್ದ. ಮೊಸರು ಬೇಡವಾದವನಿಗೆ ಮೊಸರು, ಬೇಕಾದವನಿಗೆ ಬೈಗುಳ. ಒಳಗೆ ಗುರುಲಿಂಗಮ್ಮನಿಗೆ ಬಡಿಯುವ ರೂಢಿ ಇರಲಿಲ್ಲ. ರೊಟ್ಟಿ ಅಂಚಿಗೆ ಸೀಳುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು. ಸಾಲೆಯ ಮಾಸ್ತರ ಶಿವಶರಣಪ್ಪ ತಿಂಗಳೂಟದವನು. ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನೋಡಿದ.

"ಅಯ್ಯಾರ, ಇದನ್ನ ತಿನ್ನಲ್ಯೋ, ಸಾಲ್ಯಾಗ ಗ್ವಾಡಿಗೆ ಹಚ್ಚಲ್ಯೋ? ಖಾಸಾ ಹೈದ್ರಾಬಾದ ಸಂಸ್ಥಾನದ ನಕಾಶಿ ಆಗೈತಿ ನೋಡ್ರಿ. ಇಲ್ಲಿ ರಾಯಚೂರು, ಇಲ್ಲಿ ಹರದದ್ದು ಕೃಷ್ಣಾ ಹೊಳಿ."

ಪಂಕ್ತಿಯೆಲ್ಲ ನಕ್ಕಿತು. ಮಾಸ್ತರ ನಗುತ್ತಲೇ ಸುತ್ತ ನೋಡಿ, "ಗುರುಲಿಂಗವ್ವ ಎಲ್ಲಿ ಹೋಗ್ಯಾಳ್ರಿ? ಆರಾಮ ಇಲ್ಲೇನು?" ಎಂದ.

"ಒಳಗ ಅದಾಳಪ್ಪ," ಎಂದ ಕರಿಬಸಯ್ಯ. ಒಳಗಿನಿಂದ ಹಿಟ್ಟು ತಟ್ಟುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಸುರುವಾದದ್ದನ್ನು ಅವನು ಗಮನಿಸಿದ. ಯಾಕೆ ನಿಂತಿತೆಂದು ಕೇಳಲಿಲ್ಲ.

ಸೋಮವಾರ ಬಂದಿತು. ಸೋಮವಾರ ಬೆಳಿಗ್ಗೆ ಕರಿಬಸಯ್ಯ ಊರ ಹೊರಗಿನ ರುದ್ರಭೂಮಿಗೆ ಹೋಗಿ ಹೆಂಡತಿಯ ಗದ್ದುಗೆಗೆ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಬರುವ ರೂಢಿ. ಸ್ವಲ್ಪ ಹೊತ್ತು ಅಲ್ಲಿಯೇ ಕೂತು ವಾರದ ಸುದ್ದಿಯನ್ನೆಲ್ಲ ಹೇಳಿಕೊಳ್ಳುವುದೂ ಉಂಟು. ಯಾರಾದರೂ ಕಂಡರೆ ಅಯ್ಯಾರಿಗೆ ಬುದ್ಧಿ ತಪ್ಪಿದೆ ಎಂದಾರು ಎಂದು ಅತ್ತಿತ್ತ ನೋಡಿಯೇ ಬಾಯಿ ತೆರೆಯುತ್ತಿದ್ದ. ಅಂದು ಅವನು ಬೇವಿನ ಮರದ ಹತ್ತಿರ ಬರುವಷ್ಟರಲ್ಲಿ ಗದ್ದುಗೆಯ ಕಡೆಯಿಂದ ಮಾತು ಕೇಳಿಸಿತು. ಮರದ ಮರೆಗೆ ನಿಂತ.

ಗುರುಲಿಂಗಮ್ಮ ಗದ್ದುಗೆಯ ಮಗ್ಗುಲಿಗೆ ಮೊಣಕಾಲು ಮಡಿಚಿ ಕೂತಿದ್ದಳು. ಮನೆಯಲ್ಲಿ ಹೊಸ್ತಿಲ ಬದಿಗೆ ಮಣೆಯ ಹತ್ತಿರ ಹೇಗೆ ಕೂಡುತ್ತಿದ್ದಳೋ ಹಾಗೆಯೇ.

"ಮಾವಿನಕಾಯಿ ಉಪ್ಪಿನಕಾಯಿ ಇನ್ನೊಂದು ಭರಣಿ ಉಳದೈತಿ ನೋಡವ್ವ. ಆಕಳು ಗಬ್ಬ ಆಗೈತಿ. ಅಯ್ಯಾರು ಸರಿಯಾಗಿ ಉಣ್ಣಾಕತ್ತಿಲ್ಲ, ಒಂದೂವರಿ ರೊಟ್ಟಿಗೆ ಏಳ್ತಾರ. ಎರಡನೇದ್ದರಾಗಿನ ಅರ್ಧ ಆಕಳಿಗೆ ಹಾಕಿದ್ದನ್ನ ನಾ ನೋಡೀನಿ."

ಹೀಗೆ ಅಷ್ಟಿಷ್ಟು ಹೇಳಿ ಗದ್ದುಗೆಯ ಮೇಲಿನ ಒಣಗಿದ ಪತ್ರಿಯನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಮೇಲೆ ದನಿ ಇಳಿಸಿ ಮಾತು ಮುಂದುವರಿಸಿದಳು.

"ಅಮರಗುಂಡಪ್ಪಾರು ಅಂದದ್ದನ್ನ ನಿನಗ ಹ್ಯಾಂಗ ಹೇಳ್ಲೆವ್ವ. ಅನ್ನಲಿ ಬಿಡು. ಮಂದಿ ಬಾಯಿಗೆ ನಾ ಏನ್ ಹೊಸಬಳೇನು? ಊರಾಗಿನ ಮದವಿ ಮುಂಜ್ಯಾಗ ಎಲ್ಲಾ ಕಡೆ ಕೇಳೀನಿ. ಆದ್ರ ನಿನ್ನ ಮನ್ಯಾಗ ಕೇಳಿದ್ದಿಲ್ಲ. ನೀ ನನ್ನ ಕೈಲೆ ಬುಟ್ಟಿ ಕೊಟ್ಟ ದಿನ ಏನಂದಿದ್ದಿ? ‘ಲಿಂಗ ಮುಟ್ಟೂ ಕೈ ಬರಿದು ಹ್ಯಾಂಗ ಆಕ್ಕೈತಿ ಹುಚ್ಚಿ’ ಅಂದಿದ್ದಿ. ಅದನ್ನ ನಂಬಿಕೊಂಡು ಇಷ್ಟು ವರ್ಷ ನೀಡೀನಿ."

ಕರಿಬಸಯ್ಯ ಕೈಯಲ್ಲಿದ್ದ ನೀರಿನ ಚೆಂಬನ್ನು ಸಪ್ಪಳವಾಗದಂತೆ ನೆಲಕ್ಕಿಟ್ಟ.

"ಅವರು ಅಂದದ್ದು ಒಂದು ದಿನದ ಮಾತು. ಅಯ್ಯಾರು ನನ್ನ ಒಳಗ ಹಾಕಿದ್ರು ನೋಡು, ಅದು ದಿನಾಲೂ. ಸಾಹುಕಾರ್ರು ಹೇಳಿದ್ದು ಖರೇ ಅಂತ ಅವರೂ ಒಪ್ಪಿದಂಗಾತಲ್ಲ. ಮಾಸ್ತರು ಕೇಳಿದ್ರ ‘ಒಳಗ ಅದಾಳ’ ಅಂದ್ರು. ಯಾಕ ಒಳಗ ಅದಾಳ ಅಂತ ಅನ್ನಲಿಲ್ಲ. ನನ್ನನ್ನ ಒಂದ್ ಮಾತು ಕೇಳಲಿಲ್ಲ. ಅಣ್ಣಗ ಹೇಳಿ ಕಳಿಸೀನವ್ವ. ಶುಕ್ರವಾರ ಬರ್ತಾನ. ವೈನಿ ಮುಖ ನೋಡಿ ಉಣ್ಣೂದು ಹ್ಯಾಂಗೂ ರೂಢಿ ಐತಿ. ಈ ರೂಢಿ ನನಗಾಗವಲ್ದು. ಯಾರ ಮುಂದ ಹೇಳ್ಲಿ? ಅದಕ್ಕ ನಿನ್ನ ಮುಂದ ಹೇಳಾಕ ಬಂದೀನಿ."

ಆಕೆ ಎದ್ದು, ಗದ್ದುಗೆಗೆ ಹಣೆ ಹಚ್ಚಿ, ಹೊಲದ ದಾರಿ ಹಿಡಿದು ಹೋದಳು.

ಕರಿಬಸಯ್ಯ ಬಹಳ ಹೊತ್ತು ಮರದ ಬುಡದಲ್ಲಿಯೇ ನಿಂತ. ಬದುಕಿರುವ ಯಜಮಾನನೊಬ್ಬ ಮನೆಯಲ್ಲಿ ಇರುವಾಗ ಒಂದು ಹೆಣ್ಣು ಅರ್ಧ ಹರದಾರಿ ನಡೆದು ಬಂದು ಮಣ್ಣಿಗೆ ದೂರು ಹೇಳಬೇಕಾಯಿತಲ್ಲ ಎಂದು ಅವನ ಮನಸ್ಸು ಚುಚ್ಚಿತು. ತಾನು ಮಾಡಿದ್ದು ಕರುಣೆ ಎಂದುಕೊಂಡಿದ್ದ. ಕಲ್ಲು ಹೊಡೆದವನನ್ನು ಬಿಟ್ಟು ಪೆಟ್ಟು ತಿಂದವಳನ್ನು ಕೋಣೆಗೆ ಹಾಕಿದಂತೆ ಅದು. ಗದ್ದುಗೆಯ ಮುಂದೆ ಹೋಗಿ ನೀರೆರೆದ, ವಿಭೂತಿ ಹಚ್ಚಿದ. ಅಂದು ತನ್ನ ಸುದ್ದಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಕೇಳಿದೆ," ಎಂದಷ್ಟೇ ಹೇಳಿ ಹೊರಳಿದ.

ಮನೆಗೆ ಬಂದವನು ಕಾಲು ತೊಳೆದು ನೇರವಾಗಿ ಅಡುಗೆಮನೆಯ ಹೊಸ್ತಿಲಿಗೆ ಹೋದ. ಏಳು ತಿಂಗಳಿಂದ ಯಾರೂ ಮುಟ್ಟದ ಮಣೆಯ ಧೂಳನ್ನು ಧೋತರದ ತುದಿಯಿಂದ ಒರೆಸಿ ಅದರ ಮೇಲೆ ಕೂತ. ಬಸವಣ್ಣೆಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಗುರುಲಿಂಗವ್ವ, ಇಲ್ಲಿ ಬಾರವ್ವ."

ಆಕೆ ಹಿಟ್ಟಿನ ಕೈಯಲ್ಲಿಯೇ ಬಂದು ಗೋಡೆಗೆ ಮೈಹಚ್ಚಿ ನಿಂತಳು.

"ನಿಂದ್ರಬ್ಯಾಡ, ಕುಂದ್ರು. ಹೆಂಗ ಆಕಿ ಮುಂದ ಕುಂದ್ರತಿದ್ದೆಲ್ಲ, ಹಂಗ. ನಾ ಒಂದ್ ತಪ್ಪು ಮಾಡೀನಿ. ನಿನ್ನ ಕೇಳದ ನಿನ್ನ ಒಳಗ ಹಾಕೀನಿ. ಈಗ ಕೇಳಾಕ ಬಂದೀನಿ. ಏನ್ ಮಾಡ್ಲಿ ಹೇಳು."

ಗುರುಲಿಂಗಮ್ಮ ಕೂತಳು. ಬೆರಳಿಗೆ ಅಂಟಿದ ಹಿಟ್ಟನ್ನು ಉಜ್ಜಿ ಉದುರಿಸತೊಡಗಿದಳು. ಅಯ್ಯಾರಿಗೆ ಇದು ಹೇಗೆ ತಿಳಿಯಿತೆಂದು ಆಕೆಯೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಹೇಳಬೇ," ಎಂದಳು ಬಸವಣ್ಣೆಮ್ಮ ಒಲೆಯ ಬದಿಯಿಂದ. "ನೀ ಹೇಳಲಿಲ್ಲಂದ್ರ ನನ್ನ ಮೊಣಕಾಲು ಹೇಳತಾವ."

ಗುರುಲಿಂಗಮ್ಮನಿಗೆ ನಗು ಬಂದು ಅದರ ಹಿಂದೆಯೇ ಅಳು ಬಂದಿತು. ಎರಡನ್ನೂ ನುಂಗಿಕೊಂಡು ಹೇಳಿದಳು: "ನಾ ಹೊರಗ ನೀಡ್ತೀನ್ರಿ. ಯಾರನ್ನೂ ಬೈಯೂದು ಬ್ಯಾಡ್ರಿ. ಉಣ್ಣವರು ಉಣ್ಣಲಿ, ಒಲ್ಲದವರು ಬಿಡ್ಲಿ. ಆದ್ರ ಯಾರಾದ್ರೂ ಏನಾದ್ರೂ ಅಂದ್ರ ನೀವು ಅಲ್ಲೇ ನಿಂತಿರಬೇಕ್ರಿ. ಹಿತ್ತಲಕ್ಕ ಹೋಗಬಾರದ್ರಿ." ಮತ್ತೆ ಸೇರಿಸಿದಳು. "ಅಣ್ಣಗ ಹೇಳಿ ಕಳಿಸೀನ್ರಿ. ಶುಕ್ರವಾರ ಬರ್ತಾನ, ಕರಕೊಂಡು ಹೋಗಾಕ."

"ಗುರುವಾರ ಅಮರಗುಂಡಪ್ಪನ ಪೇಶಿ ಐತಿ," ಎಂದ ಕರಿಬಸಯ್ಯ. "ಅಲ್ಲೀ ಮಟ ನಿಲ್ಲವ್ವ. ಅವತ್ತಿಂದ ನೀನ ಹೊರಗ ನೀಡು. ಶುಕ್ರವಾರ ನೀ ಹೋಗ್ತೀನಿ ಅಂದ್ರ ನಾನ ಬಸ್ಸಿಗೆ ಹತ್ತಿಸಿ ಬರ್ತೀನಿ. ತಡಿಯೂದಿಲ್ಲ."

ಗುರುವಾರ ಹೊತ್ತೇರುವ ಮುಂದೆ ಸಾಹುಕಾರನ ಗಾಡಿ ಬಾಗಿಲಿಗೆ ಬಂದಿತು. ಗಾಡಿ ಹೊಡೆಯುವ ಶಾವಲಿ ಎತ್ತಿನ ಕೊರಳು ಬಿಚ್ಚಿ, ತನ್ನ ತಾಟು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತ. ಮುಸಲ್ಮಾನರು ಕಟ್ಟೆಯ ಮೇಲೆ ಉಣ್ಣುವುದು ಆ ಕಾಲದ ರೂಢಿ. ಅಮರಗುಂಡಪ್ಪ ಜರತಾರಿ ರುಮಾಲು ಸರಿಪಡಿಸಿಕೊಳ್ಳುತ್ತ ಒಳಗೆ ಬಂದು ಕೈ ತೊಳೆಯಲು ಹಂಡೆಯ ಕಡೆಗೆ ನಡೆದ. ಕರಿಬಸಯ್ಯ ಅಡ್ಡ ಬಂದು ನಿಂತ. ಒಳಗೆ ಆಗಲೇ ಏಳೆಂಟು ಮಂದಿ ಪಂಕ್ತಿಗೆ ಕೂತಿದ್ದರು.

"ಕೈ ತೊಳಿಯೂ ಮೊದಲ ಒಂದ್ ಮಾತೈತಿ ಅಮರಗುಂಡಪ್ಪ."

"ಉಂಡಮ್ಯಾಲ ಹೇಳೋ ಮಾರಾಯ. ಹೊಟ್ಟ್ಯಾಗ ಹುಲಿ ಕುಣ್ಯಾಕತ್ತೈತಿ."

"ಉಂಡಮ್ಯಾಲ ಹೇಳೂ ಮಾತಲ್ಲ. ಇವತ್ತ ಗುರುಲಿಂಗವ್ವ ನೀಡ್ತಾಳ. ಇವತ್ತಷ್ಟ ಅಲ್ಲ, ಇನ್ನ ಮುಂದ ದಿನಾಲೂ."

ಅಮರಗುಂಡಪ್ಪ ನಕ್ಕ. ಗೆಳೆಯ ನಗದಿದ್ದುದನ್ನು ಕಂಡು ತಾನೂ ನಗು ನಿಲ್ಲಿಸಿದ. "ಇವತ್ತ ನಂದು ಪೇಶಿ ಐತಿ. ಗೊತ್ತಿಲ್ಲೇನು ನಿನಗ?"

"ಗೊತ್ತೈತಿ. ಹ್ವಾದ ಸಲ ನಿನ್ನ ವಕೀಲ ಕಾಗದ ಮರತು ಬಂದಾ ಅಂತ ನೀನ ಹೇಳಿದ್ದೆಲ್ಲ."

"ಮರತಾ. ಯಾಕ ಮರತಾ? ಅದನ್ನ ಹೇಳು!"

ಪಂಕ್ತಿಯಲ್ಲಿ ಶಿವಶರಣಪ್ಪ ಮಾಸ್ತರನಿಗೆ ನಗು ತಡೆಯಲಾರದೆ ಕೆಮ್ಮು ಬಂದಿತು. ಕರಿಬಸಯ್ಯ ಮಾತ್ರ ನಗಲಿಲ್ಲ. ಅವನ ದನಿ ಏರಲೂ ಇಲ್ಲ.

"ಆಕಿ ಗಂಡನ್ನ ಕಳಕೊಂಡಾಳ. ನಾ ಹೆಂಡ್ತೀನ ಕಳಕೊಂಡೀನಿ. ನೀನ ಹೆಗಲು ಕೊಟ್ಟಿ. ಏಳು ತಿಂಗಳಾತು. ಈ ಏಳು ತಿಂಗಳಾಗ ಎಲ್ಲಾ ಪೇಶಿಗೂ ನೀ ಮೊದಲ ನೋಡೂದು ನನ್ನ ಮುಖ. ನನ್ನ ಕೈಲೆ ವಿಭೂತಿ ಇಸಗೊಂಡು ಹಚಗೊಂಡು ಕೋರ್ಟಿಗೆ ಹೋಗ್ತಿ. ಆಕಿ ಕೈ ಬೋಳು ಅಂದ್ರ ನನ್ನ ಕೈ ಏನು?"

ಹೊಸ್ತಿಲಲ್ಲಿ ಬುಟ್ಟಿ ಹಿಡಿದು ಗುರುಲಿಂಗಮ್ಮ ನಿಂತಿದ್ದಳು.

"ಗಂಡಸರದು ಬ್ಯಾರೆ," ಎಂದ ಅಮರಗುಂಡಪ್ಪ. ಆ ಮಾತಿಗೆ ಮೊದಲಿನ ಜೋರಿರಲಿಲ್ಲ.

"ಬ್ಯಾರೆ ಇಲ್ಲಪ್ಪ. ಖಾಲಿ ಮನ್ಯಾಗ ಹೊಕ್ಕು ನೋಡಿದವಗ ಗೊತ್ತಾಗತೈತಿ, ಬ್ಯಾರೆ ಇಲ್ಲ ಅಂತ. ನೀ ನನ್ನ ಗೆಳ್ಯಾ. ಈ ಬಾಗಿಲು ನಿನಗ ಎಂದೂ ಮುಚ್ಚೂದಿಲ್ಲ. ಆದ್ರ ಒಳಗ ಕುಂತು ಉಣ್ಣೂದಂದ್ರ ಆಕಿ ಕೈಲೆ ಉಣಬೇಕು. ರೊಟ್ಟಿ ದೂಡಿದ್ದು ನನಗ ಗೊತ್ತಾಗೈತಿ. ಆಕಿ ಎತ್ತಿ ಕಣ್ಣಿಗೊತ್ತಿಕೊಂಡಾಳ. ನಾನಾಗಿದ್ರ ಒತ್ತಿಕೊಳ್ತಿದ್ದಿಲ್ಲ."

ಅಮರಗುಂಡಪ್ಪನ ಮುಖ ಕೆಂಪಾಯಿತು. "ಇಷ್ಟು ಮಂದಿ ಮುಂದ ನನ್ನ ಇಜ್ಜತ್ ತಗೀತಿಯೇನು?" ಎಂದ.

"ಆಕಿದೂ ಇಷ್ಟ ಮಂದಿ ಮುಂದ ಹೋಗಿತ್ತು," ಎಂದ ಕರಿಬಸಯ್ಯ.

ಸಾಹುಕಾರ ಕೈ ತೊಳೆಯದೆ ಹೊರಳಿ ಹೊರಗೆ ಹೋದ. ಕರಿಬಸಯ್ಯನಿಗೆ ಐವತ್ತು ವರ್ಷದ ಗೆಳೆತನ ಆ ಬಾಗಿಲಿಂದ ಹೊರಗೆ ಹೋಯಿತೇನೋ ಎನಿಸಿತು. ಆದರೂ ಅವನು ಹಿತ್ತಲಿಗೆ ಹೋಗಲಿಲ್ಲ. ಪಂಕ್ತಿಯ ತುದಿಯಲ್ಲಿ ನಿಂತೇ ಇದ್ದ. ಗುರುಲಿಂಗಮ್ಮ ಬುಟ್ಟಿ ಹಿಡಿದು ಬಂದಳು. ಮಾಸ್ತರ ತನ್ನ ಗಂಗಾಳವನ್ನು ಎರಡು ಕೈಯಿಂದ ಮುಂದಕ್ಕೆ ಚಾಚಿದ.

"ನೀಡವ್ವ ನೀಡು. ಇಷ್ಟು ದಿನ ಬರೇ ನಕಾಶಿ ತಿಂದೀನಿ. ಇವತ್ತರ ರೊಟ್ಟಿ ತಿಂತೀನಿ."

ಸಾಹುಕಾರ ಗಾಡಿ ಹತ್ತಿ ಕೂತಿದ್ದ. ಹೋಗಬೇಕೆಂದರೆ ಗಾಡಿ ಹೊಡೆಯುವವನು ಉಣ್ಣುತ್ತಿದ್ದಾನೆ. ಉಣ್ಣುವವನನ್ನು ಎಬ್ಬಿಸಬಾರದೆಂಬುದು ಅವನಿಗೂ ಗೊತ್ತಿತ್ತು. ಶಾವಲಿ ಕಟ್ಟೆಯ ಮೇಲೆ ಬದನೆಕಾಯಿ ಎಣ್ಣೆಗಾಯಿಯಲ್ಲಿ ರೊಟ್ಟಿ ಅದ್ದುತ್ತ ಅವನ ಕಡೆಗೆ ನೋಡಿದ.

"ಸಾಹುಕಾರ್ರ, ಏನ್ ಬಿಸಿ ಅದಾವ್ರಿ ರೊಟ್ಟಿ!"

"ಮುಚಗೊಂಡು ತಿನ್ನಲೇ."

"ಮುಚಗೊಂಡು ಹ್ಯಾಂಗ್ ತಿನ್ನಲ್ರಿ, ಬಾಯಿ ತಗೀಬೇಕಲ್ರಿ," ಎಂದ ಶಾವಲಿ. ಗುರುಲಿಂಗಮ್ಮ ಅವನಿಗೆ ಇನ್ನೊಂದು ರೊಟ್ಟಿ ನೀಡಲು ಬಂದಾಗ ದನಿ ತಗ್ಗಿಸಿ, "ಯವ್ವಾ, ಮುಂಜಾನಿಂದ ಏನೂ ತಿಂದಿಲ್ಲ ಅವರು. ಎರಡು ರೊಟ್ಟಿ ಕಟ್ಟಿ ಕೊಡ್ತೀಯೇನು? ನಾ ಹೆಂಗರ ಮಾಡಿ ತಿನ್ನಸ್ತೀನಿ," ಎಂದ.

ಆಕೆ ಬಾಗಿಲಲ್ಲಿ ನಿಂತಿದ್ದ ಕರಿಬಸಯ್ಯನ ಕಡೆಗೆ ತಿರುಗಿದಳು. ಅವನು ಹೇಳಿದ: "ನೀ ಹೇಳಿದಂಗವ್ವ."

ಹಾಗೆ ಯಾರೂ ಆಕೆಗೆ ಹೇಳಿದ್ದಿಲ್ಲ. ಆಕೆ ಬುಟ್ಟಿಯನ್ನು ಸೊಂಟಕ್ಕೆ ಸರಿಸಿಕೊಂಡಳು.

"ಕಟ್ಟಿ ಕೊಡೂದಿಲ್ಲಪ," ಎಂದಳು, ಗಾಡಿಗೂ ಕೇಳುವ ಹಾಗೆ. "ಕಟ್ಟಿ ಕೊಟ್ರ ಕದ್ದು ಕೊಟ್ಟಂಗ ಆಗತೈತಿ. ಒಳಗ ಬಂದು ಕುಂತ್ರ ನೀಡ್ತೀನಿ. ಎಷ್ಟು ಹೊತ್ತಾದ್ರೂ ನೀಡ್ತೀನಿ."

ಗಾಡಿ ಕೋರ್ಟಿನ ಕಡೆಗೆ ಹೋಯಿತು.

ಮಧ್ಯಾಹ್ನದ ಪಂಕ್ತಿಗಳು ಮುಗಿದವು. ಗಂಗಾಳ ಬೆಳಗಿದ್ದಾಯಿತು, ನೆಲ ಸಾರಿಸಿದ್ದಾಯಿತು. ಬಸವಣ್ಣೆಮ್ಮ ಒಲೆಯ ಮುಂದೆಯೇ ತೂಕಡಿಸುತ್ತಿದ್ದಳು. ಕರಿಬಸಯ್ಯ ಮಣೆಯ ಮೇಲೆ ಕೂತು ಗೋಡೆಗೆ ಒರಗಿದ್ದ. ಹೊತ್ತು ಇಳಿಯುವ ಸುಮಾರಿಗೆ ಗಾಡಿಯ ಗೆಜ್ಜೆ ಸಪ್ಪಳವಾಯಿತು. ಅಮರಗುಂಡಪ್ಪ ಬಾಗಿಲಲ್ಲಿ ನಿಂತ. ರುಮಾಲು ಬಗಲಲ್ಲಿತ್ತು, ತುಟಿ ಒಣಗಿತ್ತು.

"ಏನಾತು ಪೇಶಿ?" ಎಂದ ಕರಿಬಸಯ್ಯ.

"ಏನಾಗತೈತಿ? ಸಾಹೇಬ್ರು ರಜಾ ಮ್ಯಾಲ ಹೋಗ್ಯಾರಂತ. ಯುಗಾದಿ ಆದ ಮ್ಯಾಲ ಬರ್ರಿ ಅಂದ್ರು." ಅಷ್ಟು ಹೇಳಿ, ಯಾರ ಮುಖವನ್ನೂ ನೋಡದೆ ಹಂಡೆಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡ. ಬಂದು ಬರಿದಾದ ಪಂಕ್ತಿಯಲ್ಲಿ ಒಬ್ಬನೇ ಕೂತ.

ಗುರುಲಿಂಗಮ್ಮ ಗಂಗಾಳ ತಂದು ಇಟ್ಟಳು. "ರೊಟ್ಟಿ ಆರ್ಯಾವ್ರಿ," ಎಂದಳು. "ಬಿಸಿ ಬೇಕಂದ್ರ ತಡೀಬೇಕು."

ಆಕೆಯೊಡನೆ ಅವನು ನೇರವಾಗಿ ಮಾತಾಡಿದ್ದು ಎಂದೂ ಇಲ್ಲ. ಆಕೆಯ ಬಗ್ಗೆ ಆಡಿದ್ದೇ ಎಲ್ಲ.

"ತಡೀತೀನವ್ವ," ಎಂದ.

ಬಸವಣ್ಣೆಮ್ಮ ಎದ್ದು ಒಲೆ ಊದಿದಳು. "ಹಸಿವು ಎಂಥಾ ಪಂಚಾಂಗದವನ್ನೂ ಸುಮ್ಮ ಕುಂದ್ರಸ್ತೈತಿ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಅದು ಹೊರಗೂ ಕೇಳಿಸಿತು. ಅಮರಗುಂಡಪ್ಪ ಕೇಳಿಸದವನಂತೆ ಗೋಡೆ ನೋಡಿದ. ಮೊದಲ ರೊಟ್ಟಿ ಬಂದಾಗ ಅವನ ಕೈ ಗಂಗಾಳದ ಮೇಲೆ ಹೋಗಲಿಲ್ಲ, ತೊಡೆಯ ಮೇಲೆಯೇ ಇತ್ತು. ನಾಲ್ಕು ರೊಟ್ಟಿ ಉಂಡ. ಐದನೆಯದಕ್ಕೆ ಸಾಕು ಎಂದ. ಆಕೆ ಅದು ನಾಚಿಕೆಯ ಸಾಕು ಎಂದು ತಿಳಿದು ಅರ್ಧ ಮುರಿದು ನೀಡಿದಳು. ಅವನು ಅದನ್ನೂ ಉಂಡ.

ತಪ್ಪಾಯಿತೆಂದು ಅವನು ಹೇಳಲಿಲ್ಲ. ಅಂಥ ಮಾತು ಅವನ ಬಾಯಿಂದ ಯಾವ ಕಾಲಕ್ಕೂ ಬಂದುದಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಕರಿಬಸಯ್ಯಾ, ಎಣ್ಣಿಗಾಯಿ ಒಂದಿಷ್ಟು ಖಾರ ಆಗಿತ್ತಲೇ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಖಾರಕ್ಕೋ ಬೇರೆ ಯಾವುದಕ್ಕೋ, ಶಿವನೇ ಬಲ್ಲ.

ಗಾಡಿ ಓಣಿ ದಾಟಿತು. ಕರಿಬಸಯ್ಯನಿಗೆ ಈಗ ಗೆಳೆಯನ ಯೋಚನೆ ಇರಲಿಲ್ಲ. ನಾಳೆ ಶುಕ್ರವಾರ. ಗುರುಲಿಂಗಮ್ಮ ಹೋಗುತ್ತಾಳೋ ಉಳಿಯುತ್ತಾಳೋ ಎಂದು ಕೇಳಲು ಎರಡು ಸಲ ಬಾಯಿ ತೆರೆದ. ತಡೆಯುವುದಿಲ್ಲವೆಂದು ಮಾತು ಕೊಟ್ಟವನು ಈಗ ಕೇಳಿದರೂ ತಡೆದಂತೆಯೇ ಎಂದು ಸುಮ್ಮನಾದ. ಗುರುಲಿಂಗಮ್ಮ ಅಮರಗುಂಡಪ್ಪನ ಗಂಗಾಳ ತೊಳೆದು ಬೋರಲು ಹಾಕಿದಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ ನೋಡಿದಳು. ಆಮೇಲೆ ಹೊಸ್ತಿಲಿಗೆ ಬಂದು ಮಣೆಯ ಹತ್ತಿರ ಕೂತಳು.

"ನಾಳಿಗೆ ಹಿಟ್ಟು ಸಾಲೂದಿಲ್ರಿ ಅಯ್ಯಾರ. ಸಂಜಿ ಒಳಗ ಜ್ವಾಳ ಬೀಸಾಕ ಕಳಿಸ್ರಿ. ಅಣ್ಣ ಬ್ಯಾರೆ ಬರ್ತಾನ, ಅವನ ಊಟ ದೊಡ್ಡದು."

ಕರಿಬಸಯ್ಯ ಆಕೆಯ ಮುಖ ನೋಡಿದ.

"ಉಂಡು, ಸಂಜಿ ಬಸ್ಸಿಗೆ ಒಬ್ಬನ ಹೋಗ್ತಾನ್ರಿ," ಎಂದಳು ಗುರುಲಿಂಗಮ್ಮ. ಎದ್ದು ಒಳಗೆ ಹೋಗಿ, ಒಂದು ಗಂಗಾಳದಲ್ಲಿ ಎರಡು ರೊಟ್ಟಿ ಹಾಕಿ ತಂದು ಅವನ ಮುಂದೆ ಇಟ್ಟಳು. ಎರಡನೆಯದು ಮುಗಿಯುವ ತನಕ ಅಲ್ಲಿಯೇ ನಿಂತಳು.